ಕ್ರಿಸ್‌ಮಸ್ ಆಚರಣೆಗಳ ಮೂಲ: ಕ್ವಿಜ್‌ಗೆ ಯಾವ ಪ್ರಶ್ನೆ ಗಟ್ಟಿ, ಯಾವುದು ಜೊಳ್ಳು?

ಹೊಳೆಸಾಲು (ಪ್ರಶ್ನೆ)

ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕಾಗಿ ಕ್ರಿಸ್‌ಮಸ್ ಕ್ವಿಜ್ ಸಿದ್ಧ ಮಾಡುತ್ತಿದ್ದೇನೆ. ಆರು ತಂಡ, ತಂಡಕ್ಕೆ ನಾಲ್ವರು. ದೊಡ್ಡವರು, ಮಕ್ಕಳು ಬೆರೆತಿರುತ್ತಾರೆ. ಆಚರಣೆಗಳು ಎಲ್ಲಿಂದ, ಹೇಗೆ ಬಂದವು ಎಂಬುದೇ ವಿಷಯ. ತೊಂದರೆ ಏನೆಂದರೆ ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊದಲ ಕ್ರಿಸ್‌ಮಸ್ ಮರ ಎಲ್ಲಿಯದು ಅಂದರೆ ಒಂದು ಪಟ್ಟಿ ಲಾಟ್ವಿಯಾದ ರೀಗಾ ಅನ್ನುತ್ತದೆ, ಇನ್ನೊಂದು ಎಸ್ಟೋನಿಯಾದ ತಾಲಿನ್ ಅನ್ನುತ್ತದೆ, ಮೂರನೆಯದು ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹೆಸರು ಹೇಳುತ್ತದೆ. ಸಾಂತಾ ಕ್ಲಾಸ್‌ಗೆ ಕೆಂಪು ಅಂಗಿ ತೊಡಿಸಿದ್ದು ಕೋಕಾ-ಕೋಲಾ ಎಂಬುದಂತೂ ಎಲ್ಲ ಪಟ್ಟಿಯಲ್ಲೂ ಇದೆ.

ಉತ್ತರ ಹೇಳಿದ ಮೇಲೆ ಯಾರೂ ಫೋನ್ ತೆಗೆದು "ಇಲ್ಲಿ ಬೇರೆ ಇದೆಯಲ್ಲ" ಅನ್ನಬಾರದು. ಅಂಥ ಗಟ್ಟಿ ಪ್ರಶ್ನೆಗಳು ಬೇಕು. ಜೊತೆಗೆ ಎರಡು ಬೇಡಿಕೆ: ಕೈಕೆಲಸದ ಒಂದು ಸುತ್ತು ಇಡಬೇಕೆಂದಿದೆ, ಕಾಗದದ ನಕ್ಷತ್ರ ಮಾಡಿಸಬಹುದೇ? ಮಂಗಳೂರಿನ ಕುಸ್ವಾರ್ ತಟ್ಟೆ ಇಟ್ಟು ತಿಂಡಿ ಗುರುತಿಸುವ ಸುತ್ತೂ ಇದೆ. ಅದರಲ್ಲಿ ಏನು ಕೇಳಬಹುದು, ಯಾವುದನ್ನು ನಾವೇ ಮಾಡಬಹುದು?

ಕಡತಕಟ್ಟು

ಪ್ರಶ್ನೆ ಕಟ್ಟುವ ರೀತಿಯಲ್ಲೇ ಅರ್ಧ ತಕರಾರು ಹುಟ್ಟುತ್ತದೆ. ಜನರ ನಡುವೆ ತಾನಾಗಿ ಬೆಳೆದ ಪದ್ಧತಿಗೆ ಹುಟ್ಟಿದ ದಿನ ಇರುವುದಿಲ್ಲ. ಕಡತದಲ್ಲಿ ಸಿಕ್ಕ ದಿನ ಮಾತ್ರ ಇರುತ್ತದೆ. ಆದ್ದರಿಂದ ಯಾರು ಮೊದಲು ಮಾಡಿದರು ಎಂದು ಕೇಳಬೇಡಿ. ಯಾವ ವರ್ಷದ ದಾಖಲೆ, ಅದರಲ್ಲಿ ಏನಿದೆ ಎಂದು ಕೇಳಿ.

ಮರವನ್ನೇ ತೆಗೆದುಕೊಳ್ಳಿ. ತಾಲಿನ್‌ನವರು 1441 ಹೇಳುತ್ತಾರೆ, ರೀಗಾದವರು 1510. ಎರಡೂ ಊರಲ್ಲಿ ಬ್ಲ್ಯಾಕ್‌ಹೆಡ್ಸ್ ಎಂಬ ವರ್ತಕರ ಸಂಘ ಮರವೊಂದನ್ನು ಚಳಿಗಾಲದ ಹಬ್ಬಕ್ಕೆ ಬಳಸಿದ ಉಲ್ಲೇಖವಿದೆ. ಆದರೆ ಅದು ಇಂದಿನ ಅರ್ಥದ ಕ್ರಿಸ್‌ಮಸ್ ಮರವೇ ಎಂಬುದರ ಬಗ್ಗೆ ಎರಡೂ ಊರಿನವರು ಇನ್ನೂ ವಾದಿಸುತ್ತಿದ್ದಾರೆ. ಲೂಥರ್ ಕಾಡಿನಲ್ಲಿ ನಕ್ಷತ್ರ ಕಂಡು ಮರಕ್ಕೆ ಮೇಣದಬತ್ತಿ ಸಿಕ್ಕಿಸಿದನೆಂಬ ಕಥೆಗೆ ಅವನ ಕಾಲದ ಬರಹದ ಆಧಾರವಿಲ್ಲ. ಗಟ್ಟಿಯಾದದ್ದು 1605ರ ಸ್ಟ್ರಾಸ್‌ಬರ್ಗ್ ವರ್ಣನೆ: ಮನೆಯ ಕೋಣೆಯಲ್ಲಿ ಫರ್ ಮರ ನಿಲ್ಲಿಸಿ ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಚಿನ್ನದ ತಗಡು, ಸಿಹಿ ತೂಗುಹಾಕುತ್ತಿದ್ದರು. ಮೇಣದಬತ್ತಿಯ ಸುದ್ದಿ ಅದರಲ್ಲಿ ಇಲ್ಲ. ಪ್ರಶ್ನೆ ಹೀಗಿರಲಿ: "1605ರ ಸ್ಟ್ರಾಸ್‌ಬರ್ಗ್ ಬರಹದ ಪ್ರಕಾರ ಮರಕ್ಕೆ ತೂಗುಹಾಕುತ್ತಿದ್ದ ಯಾವುದಾದರೂ ಎರಡು ವಸ್ತು ಹೇಳಿ." ಇದಕ್ಕೆ ಎದುರುತ್ತರ ಇಲ್ಲ, ಮಕ್ಕಳೂ ಊಹಿಸಿ ಹೇಳಬಹುದು.

ಇಂಗ್ಲೆಂಡಿಗೆ ಮರ ತಂದದ್ದು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಎಂಬುದೂ ಅರ್ಧ ಸತ್ಯ. ಮೂರನೇ ಜಾರ್ಜ್ ದೊರೆಯ ಹೆಂಡತಿ ಷಾರ್ಲಟ್ ರಾಣಿ 1800ರಲ್ಲೇ ವಿಂಡ್ಸರ್‌ನಲ್ಲಿ ಮಕ್ಕಳ ಕೂಟಕ್ಕೆ ಯೂ ಮರ ಅಲಂಕರಿಸಿದ್ದಳು. ಆಕೆಯೂ ಜರ್ಮನಿಯಿಂದ ಬಂದವಳೇ. ಆದರೆ ಅದು ಅರಮನೆಯ ಒಳಗೇ ಉಳಿಯಿತು. 1848ರಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ವಿಕ್ಟೋರಿಯಾ, ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತ ಚಿತ್ರ ಅಚ್ಚು ಹಾಕಿದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಅದು ಬೇಕಾಯಿತು. ಹಾಗಾಗಿ ಆಲ್ಬರ್ಟ್ "ತಂದವನು" ಅಲ್ಲ, ಅವನ ಕುಟುಂಬದ ಚಿತ್ರ "ಹರಡಿಸಿದ್ದು". ಕ್ವಿಜ್ ಹಾಳೆಯಲ್ಲಿ ಈ ವ್ಯತ್ಯಾಸ ಇಟ್ಟುಕೊಳ್ಳಿ.

ಶುಭಾಶಯ ಪತ್ರದ ಮೂಲ ಬಹಳ ಸ್ಪಷ್ಟ. 1843, ಲಂಡನ್, ಹೆನ್ರಿ ಕೋಲ್. ಚಿತ್ರ ಬರೆದವನು ಜಾನ್ ಕಾಲ್ಕಾಟ್ ಹಾರ್ಸ್ಲಿ. ಬೆಲೆ ಒಂದು ಶಿಲಿಂಗ್, ಆಗಿನ ಕೂಲಿಯವರಿಗೆ ಕೈಗೆಟುಕದ ದುಡ್ಡು. ಮಧ್ಯದಲ್ಲಿ ಒಂದು ಕುಟುಂಬ ಊಟದ ಮೇಜಿನಲ್ಲಿ ಕುಳಿತು ದ್ರಾಕ್ಷಾರಸ ಎತ್ತಿ ಹಾರೈಸುತ್ತಿದೆ. ಪುಟ್ಟ ಮಗುವಿಗೂ ಒಂದು ಗುಟುಕು ಕುಡಿಸುತ್ತಿರುವುದನ್ನು ನೋಡಿ ಪಾನನಿರೋಧದವರು ಸಿಡಿದೆದ್ದರು. ಇದರ ಹಿಂದಿನ ಕಾರಣವೂ ಒಳ್ಳೆಯ ಪ್ರಶ್ನೆಯೇ: 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಏಕರೂಪ ಅಂಚೆ ದರ ಜಾರಿಗೆ ಬಂತು, ಆ ಸುಧಾರಣೆಗೆ ಕೋಲ್ ತಾನೇ ದುಡಿದಿದ್ದ. ಪತ್ರಗಳ ರಾಶಿ ಬೆಳೆಯಿತು. ಎಲ್ಲರಿಗೂ ಕೈಯಲ್ಲಿ ಬರೆದು ಮುಗಿಸಲಾಗದೆ ಅಚ್ಚು ಹಾಕಿಸಿದ.

ಸಾಂತಾನ ಕೆಂಪು ಅಂಗಿಯ ಪ್ರಶ್ನೆಯನ್ನು "ಸರಿಯೋ ತಪ್ಪೋ" ಸುತ್ತಿಗೆ ಹಾಕಿ. ಉತ್ತರ: ತಪ್ಪು. ಚಿತ್ರಕಾರ ಹ್ಯಾಡನ್ ಸಂಡ್‌ಬ್ಲೋಮ್ ಕೋಕಾ-ಕೋಲಾ ಜಾಹೀರಾತಿಗೆ ಬರೆಯಲು ಶುರು ಮಾಡಿದ್ದು 1931ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅಮೆರಿಕದ ಪತ್ರಿಕೆ, ಕಾರ್ಡುಗಳಲ್ಲಿ ಕೆಂಪು ಅಂಗಿಯ ಸಾಂತಾ ಬಂದಾಗಿತ್ತು. ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ 1863ರಿಂದಲೇ ಹಾರ್ಪರ್ಸ್ ವೀಕ್ಲಿ ಪತ್ರಿಕೆಯಲ್ಲಿ ಸಾಂತಾನ ರೂಪ ತಿದ್ದುತ್ತ ಬಂದಿದ್ದ. ಸಂಡ್‌ಬ್ಲೋಮ್ ಮಾಡಿದ್ದು ಆ ಮುಖವನ್ನು ಜಗತ್ತಿಗೆಲ್ಲ ಒಂದೇ ಆಗಿಸಿದ್ದು. ಮೂಲಪುರುಷ ಸಂತ ನಿಕೊಲಾಸ್ 4ನೇ ಶತಮಾನದ ಮೈರಾ ಪಟ್ಟಣದ ಬಿಷಪ್. ಆ ಜಾಗ ಇಂದಿನ ತುರ್ಕಿಯ ದೆಮ್ರೆ. 1087ರಲ್ಲಿ ಇಟಲಿಯ ನಾವಿಕರು ಅವನ ಅಸ್ಥಿಯನ್ನು ತಮ್ಮ ದೇಶದ ಬಾರಿ ಎಂಬ ಊರಿಗೆ ಒಯ್ದರು. ಅವನ ಹಬ್ಬ ಡಿಸೆಂಬರ್ 6, ಹಾಲೆಂಡಿನ ಮಕ್ಕಳಿಗೆ ಉಡುಗೊರೆ ಸಿಗುವುದು ಅದರ ಹಿಂದಿನ ಸಂಜೆ. ಜಾರುಬಂಡಿಯ ಎಂಟು ಹಿಮಸಾರಂಗಗಳ ಹೆಸರು 1823ರ ಅಮೆರಿಕನ್ ಪದ್ಯದ್ದು. ಕೆಂಪು ಮೂಗಿನ ರುಡಾಲ್ಫ್ ಸೇರಿದ್ದು 1939ರಲ್ಲಿ, ಮಾಂಟ್ಗೊಮರಿ ವಾರ್ಡ್ ಅಂಗಡಿ ಮಕ್ಕಳಿಗೆ ಹಂಚಿದ ಪುಸ್ತಿಕೆಯಿಂದ.

ಇವನ್ನು ಪಟ್ಟಿಯಿಂದ ಕಿತ್ತುಹಾಕಿ: ಕೊಕ್ಕೆ ಆಕಾರದ ಕ್ಯಾಂಡಿ ಯೇಸುವಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ J ಎಂಬುದು, ಹನ್ನೆರಡು ದಿನಗಳ ಹಾಡು ("ದಿ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್", ದಿನದಿನಕ್ಕೂ ಉಡುಗೊರೆ ಎಣಿಸುವ ಇಂಗ್ಲಿಷ್ ಹಾಡು) ಗುಪ್ತ ಧರ್ಮಪಾಠ ಎಂಬುದು, "ಸೈಲೆಂಟ್ ನೈಟ್" ಹಾಡು ಹುಟ್ಟಿದ್ದು ಇಲಿ ಆರ್ಗನ್ ಕಡಿದಿದ್ದರಿಂದ ಎಂಬುದು. ಮೂರೂ ಆಮೇಲೆ ಹೆಣೆದ ಕಥೆಗಳು. ಈ ಕೊನೆಯ ಹಾಡಿನ ನಿಜ ಸಂಗತಿಯೇ ಚೆನ್ನಾಗಿದೆ: ಯೋಸೆಫ್ ಮೋರ್ 1816ರಲ್ಲಿ ಪದ್ಯ ಬರೆದ, 1818ರ ಡಿಸೆಂಬರ್ 24ಕ್ಕೆ ಫ್ರಾನ್ಜ್ ಗ್ರೂಬರ್ ರಾಗ ಕೂಡಿಸಿದ, ಅಂದೇ ರಾತ್ರಿ ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಗಿಟಾರ್ ಜೊತೆ ಇಬ್ಬರೂ ಹಾಡಿದರು.

ಹಬ್ಬವನ್ನೇ ನಿಷೇಧಿಸಿದ ಕ್ರೈಸ್ತರೂ ಇದ್ದರು ಎಂಬುದು ಬಹಳ ಜನರಿಗೆ ಹೊಸದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಪಂಗಡದವರು) 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಇಟ್ಟರು, 1681ರಲ್ಲಿ ಆ ಕಾನೂನು ಹೋಯಿತು.

ಕತ್ತರಿಗೋಂದು

ನಕ್ಷತ್ರ ಮಾಡಿಸುವುದಾದರೆ ಹೆರ್ನ್‌ಹುಟ್ ನಕ್ಷತ್ರ ಮಾಡಿಸಿ. ಇತಿಹಾಸ, ಗಣಿತ, ಕೈಕೆಲಸ ಮೂರೂ ಒಂದರಲ್ಲೇ ಸಿಗುತ್ತವೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಮೊರಾವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ವಸತಿಶಾಲೆಗಳಿದ್ದವು. ಅಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಮಕ್ಕಳಿಗೆ ಜ್ಯಾಮಿತಿ ಕಲಿಸಲು ಇಂಥ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ನೀಸ್ಕಿ ಎಂಬ ಊರಿನ ಶಾಲೆಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಆ ಶತಮಾನದ ಕೊನೆಗೆ ಪೀಟರ್ ಹೆಂಡ್ರಿಕ್ ವೆರ್ಬೇಕ್ ಹೆರ್ನ್‌ಹುಟ್‌ನಲ್ಲಿ ಇದನ್ನು ಮಾರಾಟದ ಸರಕಾಗಿ ಬೆಳೆಸಿದ. ಆಗಮನಕಾಲದ (ಅಡ್ವೆಂಟ್, ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಅವಧಿ) ಮೊದಲ ಭಾನುವಾರ ಕಟ್ಟಿ ಜನವರಿ 6ಕ್ಕೆ ಇಳಿಸುವುದು ರೂಢಿ.

ಲೆಕ್ಕ ಹೀಗಿದೆ. ನಡುವಿನ ಒಡಲಿಗೆ 26 ಮುಖ: 18 ಚೌಕ, 8 ತ್ರಿಕೋನ. ಒಂದು ಚೌಕವನ್ನು ದೀಪ ಇಳಿಸಲು ತೆರೆದೇ ಬಿಡುತ್ತೇವೆ. ಉಳಿದ 25 ಮುಖಕ್ಕೂ ಒಂದೊಂದು ಮೊನೆ. ಅಂದರೆ ನಾಲ್ಕು ಬದಿಯ ಮೊನೆ 17, ಮೂರು ಬದಿಯವು 8. ನಿಮ್ಮಲ್ಲಿ ಸ್ಪರ್ಧಿಗಳು 24, ನಡೆಸುವವರು ಒಬ್ಬರು. ತಲೆಗೊಂದು ಮೊನೆ ಮಾಡಿದರೆ ಒಂದು ನಕ್ಷತ್ರ ಪೂರ್ಣ. ತಂಡಕ್ಕೊಂದು ನಕ್ಷತ್ರ ಅಂತ ಹೊರಟರೆ ಆ ರಾತ್ರಿ ಮುಗಿಯುವುದಿಲ್ಲ.

ಬೇಕಾದದ್ದು: 160ರಿಂದ 180 ಜಿಎಸ್‌ಎಂ (ಕಾಗದದ ದಪ್ಪ ತಿಳಿಸುವ ಅಳತೆ) ಎ4 ಹಾಳೆ 25, ಕೆಟ್ಟರೆ ಇರಲಿ ಎಂದು ಇನ್ನೂ ಮೂರು. ಹಾಳೆಯನ್ನು ಅಡ್ಡ ಇಟ್ಟು, ಮೇಲಂಚಿನ ನಡುವೆ ಕೈವಾರದ ಮೊನೆ ಊರಿ 18 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಕಂಸದ ಮೇಲೆ ಸ್ಕೇಲಿನಿಂದ 6 ಸೆಂ.ಮೀ. ನೇರ ಗೆರೆಗಳನ್ನು ಒಂದರ ತುದಿಗೆ ಇನ್ನೊಂದು ಬರುವಂತೆ ಹಾಕಿ: ಚೌಕದ ಮೊನೆಗೆ ನಾಲ್ಕು, ತ್ರಿಕೋನದ್ದಕ್ಕೆ ಮೂರು. ಪ್ರತಿ ಗೆರೆಯ ತುದಿಯಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಪ್ರತಿ 6 ಸೆಂ.ಮೀ. ಅಂಚಿನ ಹೊರಗೂ, ಒಂದು ಉದ್ದ ಬದಿಯ ಹೊರಗೂ 1 ಸೆಂ.ಮೀ. ಅಂಟುಪಟ್ಟಿ ಬಿಟ್ಟು ಕತ್ತರಿಸಿ. ನಾಲ್ಕು ಬದಿಯದ್ದೂ ಎ4ನಲ್ಲಿ ಸರಿಯಾಗಿ ಕೂರುತ್ತದೆ. ಮುಗಿದ ನಕ್ಷತ್ರ ತುದಿಯಿಂದ ತುದಿಗೆ ಸುಮಾರು 50 ಸೆಂ.ಮೀ. ಬರುತ್ತದೆ.

ಮಡಿಸುವ ಮೊದಲು ಎಲ್ಲ ಗೆರೆಗಳ ಮೇಲೂ ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಕೇಲಿಗೆ ಒತ್ತಿ ಎಳೆಯಿರಿ. ಇದನ್ನು ಬಿಟ್ಟರೆ ದಪ್ಪ ಹಾಳೆ ಗೆರೆಯ ಮೇಲೆ ಮಡಚದೆ ಪಕ್ಕಕ್ಕೆ ಸರಿಯುತ್ತದೆ, ಮೊನೆ ತಿರುಚುತ್ತದೆ, ಬುಡದ ಚೌಕ ವಕ್ರವಾಗುತ್ತದೆ. ಒಂದು ಮೊನೆಯಲ್ಲಿ 2 ಮಿ.ಮೀ. ತಪ್ಪಿದ್ದು ಕಾಣುವುದಿಲ್ಲ. ಸುತ್ತಿನ ಎಂಟನೆಯ ಮೊನೆ ಕೂಡಿಸುವಾಗ ಅದೇ ಒಂದೂವರೆ ಸೆಂ.ಮೀ. ಬಿರುಕಾಗಿ ಎದುರು ನಿಲ್ಲುತ್ತದೆ. ಅದಕ್ಕೇ ಎಲ್ಲ ಹಾಳೆಗೂ ಒಂದೇ ರಟ್ಟಿನ ಅಚ್ಚಿನಿಂದ ಗೆರೆ ಹಾಕಿ, ಗೆರೆ ಮತ್ತು ಕತ್ತರಿ ಕೆಲಸ ಹಿಂದಿನ ದಿನವೇ ಮುಗಿಸಿಡಿ.

ಜೋಡಣೆ ಕೆಳಗಿನಿಂದ ಮೇಲಕ್ಕೆ. ಮೊದಲು ತಳದ ಒಂದು ಚೌಕ ಮೊನೆ. ಅದರ ನಾಲ್ಕು ಅಂಚಿಗೂ ನಾಲ್ಕು ಚೌಕ ಮೊನೆ. ಆ ನಾಲ್ಕರ ನಡುವಿನ ಸಂದಿಗಳಿಗೆ ನಾಲ್ಕು ತ್ರಿಕೋನ. ಅದರ ಮೇಲೆ ಎಂಟು ಚೌಕಗಳ ನಡುಪಟ್ಟಿ. ಆಮೇಲೆ ಮತ್ತೆ ಚೌಕ, ತ್ರಿಕೋನ ಸರದಿಯಂತೆ ಎಂಟು. ಮೇಲೆ ಉಳಿಯುವ ಚೌಕವೇ ಬಾಯಿ. ಅಂಟುಪಟ್ಟಿಗಳು ಒಳಮುಖವಾಗಿ ಒಂದಕ್ಕೊಂದು ಕೂಡಬೇಕು. ಒಟ್ಟು ಬೆಸುಗೆ 44, ಬಾಯಿಯ ಸುತ್ತ ನಾಲ್ಕು ಪಟ್ಟಿ ಒಂಟಿಯಾಗಿ ಉಳಿಯುತ್ತವೆ. ದಾರಿ ತಪ್ಪಿದ್ದೀರೋ ಇಲ್ಲವೋ ಎಂದು ತಿಳಿಯಲು ಒಂದೇ ನಿಯಮ ಸಾಕು: ಯಾವ ತ್ರಿಕೋನವೂ ಇನ್ನೊಂದು ತ್ರಿಕೋನದ ಅಂಚನ್ನು ಮುಟ್ಟಬಾರದು, ಅದರ ಮೂರು ಕಡೆಯೂ ಚೌಕವೇ ಇರಬೇಕು.

ಕೊನೆಯ ಮೂರು ನಾಲ್ಕು ಮೊನೆಗಳೇ ಕಷ್ಟ. 6 ಸೆಂ.ಮೀ. ಬಾಯಿಯಲ್ಲಿ ದೊಡ್ಡವರ ಕೈ ಹೋಗದು. ಅವುಗಳ ಪಟ್ಟಿಗೆ ಗೋಂದು ಬೇಡ, ಎರಡು ಬದಿ ಅಂಟುವ ಟೇಪ್ ಮೊದಲೇ ಹಚ್ಚಿಡಿ. ಮಗುವೊಂದು ಎರಡು ಬೆರಳು ಒಳಗೆ ಇಳಿಸಿ ಪಟ್ಟಿಗಳನ್ನು ಚಿವುಟಿದರೆ ಸಾಕು. ಮೊನೆ ಮಡಿಸಲು 15 ನಿಮಿಷ, ಜೋಡಣೆಗೆ ಇಬ್ಬರು ಕೂತರೂ ಒಂದು ಗಂಟೆ ಹಿಡಿಯಿರಿ. ಕ್ವಿಜ್‌ನ ಆರಂಭದಲ್ಲಿ ಮೊನೆ ಮಡಿಸಿಬಿಟ್ಟು, ಪಕ್ಕದ ಮೇಜಿನಲ್ಲಿ ಇಬ್ಬರು ಜೋಡಿಸುತ್ತಿರಲಿ.

ಒಳಗೆ 3ರಿಂದ 5 ವ್ಯಾಟ್‌ನ ಎಲ್‌ಇಡಿ ಮಾತ್ರ. ಹಳೆಯ ತಂತಿಬಲ್ಬು ಹಾಕಿದರೆ ಕಾಗದ ಕಂದುತ್ತದೆ, ಬೆಂಕಿಯೂ ಹೊತ್ತಬಹುದು. ಬಾಯಿಯನ್ನು ಮುಚ್ಚಬೇಡಿ. ಭಾರ ಬಲ್ಬಿನ ವೈರಿನ ಮೇಲೆ ಬೀಳದಂತೆ ಬಾಯಿಗೆ ಅಡ್ಡಲಾಗಿ ಒಂದು ಕಡ್ಡಿ ಹಾಕಿ ಅದರಿಂದ ತೂಗುಬಿಡಿ. ಡಿಸೆಂಬರ್ ಇಬ್ಬನಿಗೆ ಬಯಲಲ್ಲಿಟ್ಟ ಕಾಗದ ರಾತ್ರಿಯಲ್ಲೇ ಸೊರಗುತ್ತದೆ, ಸೂರಿನ ಕೆಳಗೇ ಇರಲಿ.

ತಿಥಿಗಣಕ

ಲೆಕ್ಕದ ಪ್ರಶ್ನೆಗಳಿಗೆ ತಕರಾರೇ ಬರುವುದಿಲ್ಲ, ಯಾಕೆಂದರೆ ಯಾರು ಬೇಕಾದರೂ ಕೂಡಿ ನೋಡಬಹುದು.

ಆಗಮನಕಾಲದ ಮೇಣದಬತ್ತಿ ಚಕ್ರದಿಂದ ಶುರು ಮಾಡಿ. 1839ರಲ್ಲಿ ಹ್ಯಾಂಬರ್ಗ್‌ನ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್‌ರಿಶ್ ವಿಖರ್ನ್ ಗಾಡಿಯ ಚಕ್ರವೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ಸಿಕ್ಕಿಸಿದ. ಕ್ರಿಸ್‌ಮಸ್ ಯಾವಾಗ ಎಂದು ಮಕ್ಕಳು ಕೇಳುತ್ತಲೇ ಇದ್ದರಂತೆ, ದಿನ ಎಣಿಸಲು ಇದು. ದೊಡ್ಡವು ಯಾವಾಗಲೂ ನಾಲ್ಕು. ಚಿಕ್ಕವು ಎಷ್ಟು? ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಗಮನಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 27ಕ್ಕೆ ಬಿದ್ದರೆ ಡಿಸೆಂಬರ್ 24ರವರೆಗೆ 28 ದಿನ, ಚಿಕ್ಕ ಬತ್ತಿ 24. ಡಿಸೆಂಬರ್ 3ಕ್ಕೆ ಬಿದ್ದರೆ 22 ದಿನ, ಚಿಕ್ಕ ಬತ್ತಿ 18. 1839ರಲ್ಲಿ ಡಿಸೆಂಬರ್ 1 ಭಾನುವಾರ, ಆದ್ದರಿಂದ 20 ಕೆಂಪು. ಇಷ್ಟು ಬತ್ತಿ ಮನೆಯೊಳಗೆ ಹಿಡಿಸದೆ ಈಗ ನಾಲ್ಕಕ್ಕೆ ಇಳಿದಿದೆ. ಅಂಗಡಿಯಲ್ಲಿ ಸಿಗುವ ಆಗಮನ ಕ್ಯಾಲೆಂಡರಿಗೆ 24 ಕಿಟಕಿ ಮಾತ್ರ ಇರುವುದೂ ಈ ಏರಿಳಿತದಿಂದ ತಪ್ಪಿಸಿಕೊಳ್ಳಲು. ಡಿಸೆಂಬರ್ 1ರಿಂದಲೇ ಶುರು ಮಾಡಿದರೆ ಒಂದೇ ಅಚ್ಚು ಎಲ್ಲ ವರ್ಷಕ್ಕೂ ಆಗುತ್ತದೆ.

ಡಿಸೆಂಬರ್ 25 ಏಕೆ ಎಂಬುದನ್ನು ಕೇಳಬೇಡಿ. ರೋಮಿನ ಸೂರ್ಯೋತ್ಸವದ ದಿನ ಎಂಬುದು ಒಂದು ವಾದ. ಮಾರ್ಚ್ 25ಕ್ಕೆ ಗರ್ಭಧಾರಣೆ ಎಂದು ಹಿಡಿದು ಒಂಬತ್ತು ತಿಂಗಳು ಕೂಡಿದರು ಎಂಬುದು ಇನ್ನೊಂದು. ವಿದ್ವಾಂಸರಲ್ಲಿ ಎರಡಕ್ಕೂ ಬೆಂಬಲವಿದೆ. ಆ ತಾರೀಖು ಸಿಗುವ ಹಳೆಯ ರೋಮನ್ ದಾಖಲೆ ಯಾವ ವರ್ಷದ್ದು ಎಂದು ಕೇಳಿದರೆ ಉತ್ತರ ಒಂದೇ: ಕ್ರಿ.ಶ. 354ರ ಪಂಚಾಂಗ ಸಂಕಲನ.

ರಷ್ಯಾ, ಸರ್ಬಿಯಾ, ಜಾರ್ಜಿಯಾದ ಚರ್ಚುಗಳಲ್ಲಿ ಕ್ರಿಸ್‌ಮಸ್ ಜನವರಿ 7. ಅವರಿಗೂ ಅದು ಡಿಸೆಂಬರ್ 25ರ ಹಬ್ಬವೇ. ಎಣಿಸುವುದು ಹಳೆಯ ಜೂಲಿಯನ್ ಪಂಚಾಂಗದಲ್ಲಿ, ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿದೆ. ಇಲ್ಲೊಂದು ಸೊಗಸಾದ ಪ್ರಶ್ನೆ: ಈ ಜನವರಿ 7 ಎಂದೆಂದಿಗೂ ಹೀಗೇ ಇರುತ್ತದೆಯೇ? ಇಲ್ಲ. ಜೂಲಿಯನ್ ಲೆಕ್ಕದಲ್ಲಿ 2100 ಅಧಿಕ ವರ್ಷ, ನಮ್ಮ ಗ್ರೆಗೋರಿಯನ್ ಲೆಕ್ಕದಲ್ಲಿ ಅಲ್ಲ. ಅಲ್ಲಿಗೆ ಅಂತರ 14 ದಿನವಾಗುತ್ತದೆ. ಅದೇ ಪಂಚಾಂಗ ಉಳಿಸಿಕೊಂಡರೆ 2101ರಲ್ಲಿ ಅವರ ಹಬ್ಬ ಜನವರಿ 8ಕ್ಕೆ. ಉಕ್ರೇನ್ ಸರ್ಕಾರ 2023ರಲ್ಲಿ ರಜೆಯನ್ನು ಡಿಸೆಂಬರ್ 25ಕ್ಕೆ ಬದಲಿಸಿತು. ಅರ್ಮೇನಿಯಾದವರದು ಬೇರೆಯೇ ದಾರಿ. ಯೇಸುವಿನ ಜನನ, ದೀಕ್ಷಾಸ್ನಾನ ಎರಡನ್ನೂ ಜನವರಿ 6ರಂದು ಒಟ್ಟಿಗೆ ಆಚರಿಸುವ ಹಳೆಯ ಪದ್ಧತಿ ಉಳಿಸಿಕೊಂಡಿದ್ದಾರೆ.

ಹನ್ನೆರಡು ದಿನಗಳ ಹಾಡಿನ ಬಗ್ಗೆ ಮೇಲೆ ಹೇಳಿದ್ದು ಸರಿ, ಗುಪ್ತ ಪಾಠದ ಕಥೆ ಬೇಡ. ಲೆಕ್ಕ ಮಾತ್ರ ಬಿಡಬೇಡಿ. ಮೊದಲ ದಿನ ಒಂದು, ಎರಡನೇ ದಿನ ಎರಡು ಮತ್ತೆ ಒಂದು, ಹೀಗೆ ಹನ್ನೆರಡೂ ದಿನದ ಉಡುಗೊರೆ ಕೂಡಿದರೆ 364. ಅತಿ ಹೆಚ್ಚು ಬರುವುದು ಯಾವುದು? ಆರನೇ ದಿನ ಶುರುವಾಗುವ ಹೆಬ್ಬಾತು ಮತ್ತು ಏಳನೇ ದಿನದ ಹಂಸ, ಎರಡೂ 42. ಕಾಗದ, ಪೆನ್ಸಿಲ್ ಕೊಟ್ಟು 90 ಸೆಕೆಂಡ್ ಇಡಿ.

ಹೊಳೆಸಾಲು

ಇಷ್ಟು ನಿರೀಕ್ಷಿಸಿರಲಿಲ್ಲ, ತುಂಬಾ ಉಪಕಾರ. ತಲೆಗೊಂದು ಮೊನೆ ಎಂಬುದನ್ನು ಹಾಗೇ ಮಾಡುತ್ತೇವೆ. ಸಭಾಂಗಣದಲ್ಲಿ ಒಂದು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕೂಡ ಇಡುವ ಯೋಚನೆ ಇದೆ, ಅದಕ್ಕೆ ಹಸಿರು ಹುಲ್ಲು ಬೆಳೆಸಬೇಕಂತೆ. ಎಷ್ಟು ದಿನ ಮೊದಲು ಚೆಲ್ಲಬೇಕು? ಕೆಂಪೆಲೆಯ ಕ್ರಿಸ್‌ಮಸ್ ಗಿಡದ ಕುಂಡಗಳೂ ಇವೆ, ಎರಡು ಇನ್ನೂ ಹಸಿರಾಗೇ ಇವೆ. ಕುಸ್ವಾರ್ ಪ್ರಶ್ನೆ ಹಾಗೇ ಉಳಿದಿದೆ. ಎರಡು ತಂಡ ಸಮನಾದರೆ ಕೇಳಲು ಒಂದು ಪ್ರಶ್ನೆಯೂ ಬೇಕು.

ಎಣ್ಣೆಬಾಣಲೆ

ಕುಸ್ವಾರ್ ಎಂದರೆ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡಿ ನೆರೆಹೊರೆಗೆಲ್ಲ ತಟ್ಟೆಯಲ್ಲಿ ಹಂಚುವ ತಿಂಡಿಗಳ ಗುಂಪು. ತಟ್ಟೆಯಲ್ಲಿ ಇವಿರಲಿ: ಎಳ್ಳು, ಕಾಯಿ, ಗೋಡಂಬಿ ಹೂರಣದ ಅರ್ಧಚಂದ್ರಾಕಾರದ ನೆವ್ರಿ, ಮೈದಾ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿ ಕರಿದು ಸಕ್ಕರೆ ಪಾಕ ಹೊದಿಸಿದ ಕಿಡಿಯೊ, ಅಕ್ಕಿಹಿಟ್ಟು, ತೆಂಗಿನಹಾಲಿನ ಗೋಲಿಗಳಾದ ಗುಳಿಯೊ, ಹೂವಿನ ಅಚ್ಚಿನ ಕೊಕ್ಕಿಸಾಂ. ಜೊತೆಗೆ ಚಕ್ಕುಲಿ, ತುಕ್ಡಿ, ಪ್ಲಮ್ ಕೇಕ್.

ಕೊಕ್ಕಿಸಾಂ ಯಾರು ತಂದರು ಎಂದು ಕೇಳಬೇಡಿ, ಪೋರ್ಚುಗೀಸರೋ ಡಚ್ಚರೋ ಎಂಬ ಜಗಳ ಮುಗಿಯದು. ಕಾಯಿಸಿದ ಕಬ್ಬಿಣದ ಅಚ್ಚನ್ನು ಹಿಟ್ಟಿಗದ್ದಿ ಕರಿಯುವ ಇದೇ ವಿಧಾನ ಕೇರಳದ ಅಚ್ಚಪ್ಪಂ, ಶ್ರೀಲಂಕಾದ ಕೋಕಿಸ್, ಇರಾನಿನ ನಾನ್ ಪಂಜರೆಯಿ, ಸ್ವೀಡನ್ನಿನ ಸ್ಟ್ರುವಾದಲ್ಲೂ ಇದೆ. ಶ್ರೀಲಂಕಾದಲ್ಲಿ ಅದು ಏಪ್ರಿಲ್ ಹೊಸವರ್ಷದ ತಿಂಡಿ. "ಇವೆಲ್ಲಕ್ಕೂ ಸಮಾನವಾದ ಸಲಕರಣೆ ಯಾವುದು" ಎಂದು ಕೇಳಿ, ಅಚ್ಚನ್ನೇ ಎತ್ತಿ ತೋರಿಸಿ. ಪ್ಲಮ್ ಕೇಕಿನ ಬಗ್ಗೆ ಕೇಳುವುದಾದರೆ ತಲಶ್ಶೇರಿಯ ಮಾಂಬಳ್ಳಿ ಬಾಪು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಧಣಿಗಾಗಿ ಮಾಡಿಕೊಟ್ಟ ಕೇಕಿನ ಕಥೆ ಇದೆ. ಅದು ಆ ಬೇಕರಿ ಮನೆತನ ಹೇಳಿಕೊಂಡು ಬಂದ ಇತಿಹಾಸ, ಪ್ರಶ್ನೆಯಲ್ಲಿ ಹಾಗೆಂದೇ ಬರೆಯಿರಿ.

ನೀವೇ ಮಾಡುವುದಾದರೆ ಕೊಕ್ಕಿಸಾಂ ಸಾಕು. ಅರ್ಧ ಕಿಲೋ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ದಪ್ಪ ತೆಂಗಿನಹಾಲು ಹಾಕಿ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ಎರಡು ಮೊಟ್ಟೆ, 150 ಗ್ರಾಂ ಸಕ್ಕರೆ, ಅರ್ಧ ಬಟ್ಟಲು ಮೈದಾ, ಒಂದು ಚಮಚ ಕರಿಎಳ್ಳು, ಚಿಟಿಕೆ ಉಪ್ಪು ಸೇರಿಸಿ. ಹಿಟ್ಟು ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಲಿ. ಎಣ್ಣೆ 170ರಿಂದ 180 ಡಿಗ್ರಿ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಎಣ್ಣೆ ಸೋರಿಸಿ, ಹಿಟ್ಟಿನಲ್ಲಿ ಮುಕ್ಕಾಲು ಎತ್ತರ ಮಾತ್ರ ಅದ್ದಿ. ಮೇಲಂಚು ದಾಟಿ ಮುಳುಗಿಸಿದರೆ ಹಿಟ್ಟು ಅಚ್ಚನ್ನು ತಬ್ಬಿಕೊಂಡು ಕಳಚುವುದೇ ಇಲ್ಲ. ಎಣ್ಣೆಗೆ ಇಳಿಸಿ ಅರ್ಧ ನಿಮಿಷದೊಳಗೆ ಅಂಚು ಬಿಡುತ್ತದೆ, ಮೆಲ್ಲಗೆ ಅಲುಗಿಸಿ.

ಹಿಟ್ಟು ಅಚ್ಚಿಗೆ ಹಿಡಿಯದಿದ್ದರೆ ಅಚ್ಚು ತಣ್ಣಗಿದೆ ಎಂದರ್ಥ. ಅದ್ದಿದ ಕೂಡಲೇ ಚುರ್ ಎಂದು ಬಟ್ಟಲಿನಲ್ಲೇ ಕಳಚಿದರೆ ಅತಿಯಾಗಿ ಕಾದಿದೆ. ಹೊಸ ಅಚ್ಚು ಮೊದಲ ದಿನ ಅಂಟಿಯೇ ಅಂಟುತ್ತದೆ, ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಟ್ಟು ಮೊದಲ ನಾಲ್ಕೈದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರಿದ ಮೇಲೆ ಮೆತ್ತಗಾದರೆ ಎಣ್ಣೆಯ ಕಾವು ಸಾಲದು, ಇಲ್ಲವೇ ಸಕ್ಕರೆ ಹೆಚ್ಚು. ಸಕ್ಕರೆ ಹೆಚ್ಚಾದಾಗ ಬಣ್ಣ ಬೇಗ ಬಂದು ಒಳಗೆ ಹಸಿ ಉಳಿಯುತ್ತದೆ. ಗುಳಿಯೊವನ್ನು ಮಾತ್ರ ಹೊರಗಿನಿಂದ ತರಿಸಿ. ಹಿಟ್ಟು ಸರಿಯಾಗಿ ಹುರಿಯದೆ, ನಾದದೆ ಉಂಡೆ ಕಟ್ಟಿದರೆ ಒಳಗಿನ ಆವಿಗೆ ಎಣ್ಣೆಯಲ್ಲೇ ಸಿಡಿಯುತ್ತವೆ. ಮಕ್ಕಳಿರುವ ಕಡೆ ಅದು ಬೇಡ.

ರಾಗಿಪೈರು

ಗೋದಲಿಗೆ ರಾಗಿ ಚೆನ್ನ. ಒಂದು ರಾತ್ರಿ ನೆನೆಸಿ, 3 ಸೆಂ.ಮೀ. ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿದ ತಟ್ಟೆಯಲ್ಲಿ ಒತ್ತಾಗಿ ಚೆಲ್ಲಿ, ಮೇಲೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಮಣ್ಣು ಬೇಡ. ಬೆಂಗಳೂರಿನ ಚಳಿಯಲ್ಲಿ 12 ದಿನ ಮೊದಲೇ ಹಾಕಿ. ತಡವಾದರೆ ಗೋಧಿ ಹಾಕಿ, ಏಳೆಂಟು ದಿನಕ್ಕೆ ಬರುತ್ತದೆ. ನೀರನ್ನು ಚಿಮುಕಿಸಿ, ಸುರಿಯಬೇಡಿ. ಸುರಿದರೆ ಬೀಜ ಒಂದು ಮೂಲೆಗೆ ಸರಿಯುತ್ತದೆ, ನಿಂತ ನೀರಿಗೆ ಬೂಷ್ಟು ಹಿಡಿದು ಪೈರು ಬುಡದಲ್ಲೇ ಕೊಳೆಯುತ್ತದೆ. ಒಣಹುಲ್ಲು ಇರುವ ಕಡೆ ಮೇಣದಬತ್ತಿ ಬೇಡ, ಎಲ್‌ಇಡಿ ಸರ ಸಾಕು.

ಗೋದಲಿಯ ಪ್ರಶ್ನೆಗೆ 1223 ನೆನಪಿಡಿ. ಇಟಲಿಯ ಗ್ರೆಚ್ಚೊದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಹುಲ್ಲಿನ ಮೇವುತೊಟ್ಟಿ ಇಟ್ಟು, ನಿಜವಾದ ಎತ್ತು, ಕತ್ತೆ ತರಿಸಿ ನಿಲ್ಲಿಸಿ ಮಾಸ್ ಎಂಬ ಕ್ರೈಸ್ತ ಆರಾಧನೆ ಏರ್ಪಡಿಸಿದ್ದು ಆ ಕ್ರಿಸ್‌ಮಸ್‌ಗೆ. ಸೋಜಿಗವೆಂದರೆ ಎತ್ತು, ಕತ್ತೆ ಎರಡೂ ಸುವಾರ್ತೆಗಳ ಜನನ ಪ್ರಸಂಗದಲ್ಲಿ ಇಲ್ಲ. ಮಗುವನ್ನು ಕಾಣಲು ಪೂರ್ವದಿಂದ ಬಂದ ಜ್ಞಾನಿಗಳು ಮೂವರು ಎಂದೂ ಅಲ್ಲಿಲ್ಲ, ಉಡುಗೊರೆ ಮೂರು ಎಂದಷ್ಟೇ ಇದೆ. ಇಡುವ ಕ್ರಮವೂ ಗೊತ್ತಿರಲಿ: ಬಾಲಯೇಸುವನ್ನು 24ರ ರಾತ್ರಿ ಇಡುತ್ತಾರೆ, ಜ್ಞಾನಿಗಳನ್ನು ದೂರದಲ್ಲಿಟ್ಟು ಜನವರಿ 6ಕ್ಕೆ ಹತ್ತಿರ ತರುತ್ತಾರೆ.

ನಿಮ್ಮ ಗಿಡ ಪಾಯಿನ್‌ಸೆಟಿಯಾ, ಮೆಕ್ಸಿಕೊ ಮೂಲದ್ದು. ಹೆಸರು ಅಲ್ಲಿದ್ದ ಅಮೆರಿಕದ ರಾಯಭಾರಿ ಜೋಯಲ್ ಪಾಯಿನ್‌ಸೆಟ್‌ನದು. ಕೆಂಪಾಗುವುದು ಎಲೆ, ಹೂವು ನಡುವಿನ ಪುಟ್ಟ ಹಳದಿ ಗುಬುಟು. ಕೆಂಪಾಗಲು ಎಂಟು ಹತ್ತು ವಾರ ದಿನಕ್ಕೆ ಸುಮಾರು 14 ಗಂಟೆ ತಡೆಯಿಲ್ಲದ ಕತ್ತಲೆ ಬೇಕು. ಆ ಎರಡು ಕುಂಡಗಳ ಮೇಲೆ ರಾತ್ರಿ ಕಾರಿಡಾರಿನ ದೀಪ ಬೀಳುತ್ತಿದೆಯೇ ನೋಡಿ. ಹಾಗಿದ್ದರೆ ಈ ವರ್ಷಕ್ಕೆ ಅವು ಕೆಂಪಾಗುವುದಿಲ್ಲ. ಮುಂದಿನ ಸಲ ಅಕ್ಟೋಬರ್ ಮೊದಲಿಂದ ಸಂಜೆ 5ಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆಗೆಯಿರಿ. ಕೊಂಬೆ ಮುರಿದಾಗ ಬರುವ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕೈ ತೊಳೆಯಿರಿ.

ಕಡತಕಟ್ಟು

ಸಮಬಲಕ್ಕೆ ಅಂಕಿಯ ಪ್ರಶ್ನೆ ಇಡಿ, ಹತ್ತಿರದ ಉತ್ತರಕ್ಕೆ ಗೆಲುವು. ಎಡಿಸನ್‌ನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ವಿದ್ಯುತ್ ಬಲ್ಬು ಸುತ್ತಿದ, ಮರವೂ ವಿದ್ಯುತ್ತಿನಿಂದಲೇ ತಿರುಗುತ್ತಿತ್ತು. ಬಲ್ಬು ಎಷ್ಟು? 80. ಉತ್ತರ ಬಾಯಲ್ಲಿ ಹೇಳಿಸಬೇಡಿ, ಚೀಟಿಯಲ್ಲಿ ಬರೆಸಿ. ಮೊದಲು ಹೇಳಿದವರ ಅಂಕಿ ಕೇಳಿ ಎರಡನೆಯವರು ಅದಕ್ಕೆ ಒಂದು ಕೂಡಿಸಿ ಹೇಳುವ ದಾರಿ ಮುಚ್ಚುತ್ತದೆ. ಒಬ್ಬರು 70, ಇನ್ನೊಬ್ಬರು 90 ಬರೆದರೆ ಎರಡೂ ಸಮದೂರ. ಅದಕ್ಕೆ ಇನ್ನೊಂದು ಕೈಯಲ್ಲಿರಲಿ: ಸ್ವೀಡನ್ನಿನ ಯೇವ್ಲೆ ಊರಿನ ಚೌಕದಲ್ಲಿ 1966ರಲ್ಲಿ ನಿಲ್ಲಿಸಿದ ಒಣಹುಲ್ಲಿನ ಕ್ರಿಸ್‌ಮಸ್ ಮೇಕೆಯ ಎತ್ತರ ಎಷ್ಟು? 13 ಮೀಟರ್. ಅಡಿಯಲ್ಲಿ ಬರೆಯುವವರೂ ಇರುತ್ತಾರೆ, ಮೀಟರಿನಲ್ಲೇ ಬರೆಯಬೇಕೆಂದು ಪ್ರಶ್ನೆ ಓದುವಾಗಲೇ ಹೇಳಿಬಿಡಿ.